ನೈಟ್ರೇಟ್ ಇಳಿಯದ ಟ್ಯಾಂಕ್

“ಅಕ್ಕಾ, ನೀರು ಬದಲಿಸ್ತಾನೇ ಇದ್ದೀನಿ. ಮೀನಿಗೆ ಹಾಕೋ ಊಟಾನೂ ಅರ್ಧ ಮಾಡಿದ್ದೀನಿ. ಆದ್ರೂ ನೈಟ್ರೇಟ್ ಐವತ್ತರ ಹತ್ರಾನೇ ಕೂತಿದೆ. ಒಂದ್ಸಲ ಬಂದು ನೋಡ್ತೀಯಾ?”

2024ರ ಏಪ್ರಿಲ್ ಮೊದಲ ವಾರ ತಮ್ಮನ ಫೋನ್ ಬಂತು. ಅವನದು ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಮೀನಿನ ಊಟ, ಹೊಲಸಿನಿಂದ ಹುಟ್ಟಿ ನೀರಿನಲ್ಲಿ ಉಳಿದುಕೊಳ್ಳುವುದು ನೈಟ್ರೇಟ್. ಐವತ್ತು ಅಂದರೆ ಲೀಟರಿಗೆ ಐವತ್ತು ಮಿಲಿಗ್ರಾಂ. ಅವನಿರುವುದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಕಾವೇರಿ ನೀರು ಬಾರದ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾನು ತುಮಕೂರಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮೀನು ಸಾಕಿದವಳಲ್ಲ. ಆದರೆ ಹನಿ ಎಣಿಸುವುದು, ಟ್ಯೂಬು ಅಲ್ಲಾಡಿಸುವುದು, ಬಣ್ಣ ನೋಡಿ ಅಂಕಿ ಬರೆಯುವುದು ನನ್ನ ದಿನದ ಕೆಲಸ. ಆ ಭಾನುವಾರ ಬೆಳಗಿನ ರೈಲಿಗೆ ಹೊರಟೆ. ಲ್ಯಾಬಿನಿಂದ ಒಂದು ಬಾಟಲಿ ಡಿಸ್ಟಿಲ್ಡ್ ನೀರು ತರಬೇಕು ಅಂದುಕೊಂಡಿದ್ದೆ, ಮರೆತೆ. ಆ ಮರೆವಿನಿಂದಲೇ ಈ ಗಂಟು ಬಿಚ್ಚಿತು.

ಟ್ಯಾಂಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗಿನ ಫಿಲ್ಟರ್ ತೊಟ್ಟಿ ಸೇರಿಸಿ, ಕಲ್ಲು ಮರಳು ಕಳೆದರೆ ಸುಮಾರು 230 ಲೀಟರ್ ನೀರು. 2023ರ ಜೂನ್‌ನಲ್ಲಿ ಶುರುಮಾಡಿದ್ದು. ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದಮೇಲೆ ಅವನಿಗೆ ಈ ಹುಚ್ಚು ಹಿಡಿಯಿತು. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಎರಡು ಕ್ಲೀನರ್ ಸಿಗಡಿ, ಕಲ್ಲಿಗಂಟಿಕೊಂಡು ಹೂವಿನಂತೆ ಅರಳುವ ಒಂದು ಅನಿಮೋನಿ, ಒಂದಷ್ಟು ಬಸವನಹುಳ. ಕ್ಲೌನ್ ಮೀನು ಸಮುದ್ರದಿಂದ ಹಿಡಿದದ್ದಲ್ಲ, ಹ್ಯಾಚರಿಯಲ್ಲಿ ಹುಟ್ಟಿದ್ದು. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ಮೀನಿನ ಮರಿ ಮಾಡಿಸುವ ವಿಧಾನವನ್ನು ರೂಢಿಗೆ ತಂದಿದೆ. ಕೇಳಿ ತರಿಸಿಕೊಳ್ಳಬಹುದು. ಕಲ್ಲು ಹವಳ ಅವನ ಟ್ಯಾಂಕಿನಲ್ಲಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಅವನು ಆ ಗೊಡವೆಗೇ ಹೋಗಿಲ್ಲ. ನನಗೆ ಅದು ಇಷ್ಟವಾಯಿತು.

ಅನಿಮೋನಿ ಮುದುಡಿಕೊಂಡಿತ್ತು. ಕಲ್ಲುಗಳ ಮೇಲೆ ಹಸಿರು ಕೂದಲು ಪಾಚಿ ಬೆರಳುದ್ದ ಬೆಳೆದಿತ್ತು. ಮೀನುಗಳ ಬೆನ್ನು ಸಣ್ಣಗಾಗಿತ್ತು. ಊಟ ಅರ್ಧ ಮಾಡಿದ್ದನಲ್ಲ.

ನೋಟ್‌ಬುಕ್

ತಮ್ಮ ಒಂದು ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದ. ಪ್ರತಿ ಶನಿವಾರ ಅಳೆದದ್ದನ್ನೆಲ್ಲ ಬರೆದಿಡುವುದು. ಕಾಫಿ ಕುಡಿಯುತ್ತಾ ಹತ್ತು ತಿಂಗಳ ಪುಟ ತಿರುವಿದೆ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಪಿಎಚ್ 8ರಿಂದ 8.2. ಉಪ್ಪಿನ ಅಂಶ ಸಾವಿರಕ್ಕೆ 35. ಎಲ್ಲ ಸರಿಯಿದೆ.

ನೈಟ್ರೇಟ್ ಕಾಲಂ ಮಾತ್ರ ವಿಚಿತ್ರ. ನವೆಂಬರಿನಿಂದ ಫೆಬ್ರವರಿವರೆಗೆ 5, 10, 5, 10. ಮಾರ್ಚ್ ಎರಡನೇ ವಾರ ಒಮ್ಮೆಗೇ 40. ಆಮೇಲೆ 40ಕ್ಕೂ 80ಕ್ಕೂ ನಡುವೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ “ಶಿವರಾತ್ರಿಗೆ ಊರಿಗೆ ಹೋಗಿದ್ವಿ, ಊಟ ಜಾಸ್ತಿ ಬಿದ್ದಿದೆ” ಅಂತ ಬರೆದಿದ್ದ. ನೆರೆಮನೆಯ ಹುಡುಗನಿಗೆ ಮೀನಿಗೆ ಊಟ ಹಾಕಲು ಹೇಳಿಹೋಗಿದ್ದರಂತೆ. ಪಾಪ, ಆ ಹುಡುಗನ ಮೇಲೆ ಅನುಮಾನ.

ಇನ್ನೊಂದು ಕಾಲಂ ಇತ್ತು. ಆಲ್ಕಲಿನಿಟಿ. ನೀರಿನಲ್ಲಿರುವ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್ ಎಷ್ಟು ಆಮ್ಲವನ್ನು ತಡೆದುಕೊಳ್ಳಬಲ್ಲವು ಅನ್ನುವ ಅಳತೆ ಅದು. ಸಮುದ್ರದಲ್ಲಿ ಸುಮಾರು 7 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ) ಇರುತ್ತದೆ. ಇವನ ಟ್ಯಾಂಕಿನಲ್ಲಿ ನವೆಂಬರಿನಲ್ಲಿ 8 ಇದ್ದದ್ದು ಏಪ್ರಿಲ್ ಹೊತ್ತಿಗೆ 10 ಆಗಿತ್ತು. “ಇದೊಂದು ಚೆನ್ನಾಗಿದೆ ನೋಡಕ್ಕ, ಏನೂ ಹಾಕದೇನೇ ಏರ್ತಿದೆ” ಅಂದ. ನಾನೂ ತಲೆಯಾಡಿಸಿ ಪುಟ ತಿರುವಿದೆ. ಅಲ್ಲೇ ನಿಲ್ಲಬೇಕಿತ್ತು. ಮೀನಿನ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದು ಆಲ್ಕಲಿನಿಟಿಯನ್ನು ತಿನ್ನುತ್ತದೆ. ಅಂದಮೇಲೆ ಅದು ಇಳಿಯಬೇಕು. ಯಾರೂ ಏನೂ ಹಾಕದೆ ಏರಲು ಸಾಧ್ಯವಿಲ್ಲ. ಯಾರೋ ಹಾಕುತ್ತಿದ್ದರು.

ಮೊದಲು ಕಿಟ್ ಅಳೆದೆವು

“ಟೆಸ್ಟ್ ಹೇಗೆ ಮಾಡ್ತೀಯ, ನನ್ನೆದುರಿಗೇ ಮಾಡಿ ತೋರಿಸು” ಅಂದೆ. ಟ್ಯೂಬಿಗೆ ನೀರು, ಮೊದಲ ಬಾಟಲಿಯ ಹತ್ತು ಹನಿ, ಅಲ್ಲಾಡಿಸು. ಎರಡನೇ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹತ್ತು ಹನಿ, ಮತ್ತೆ ಒಂದು ನಿಮಿಷ ಅಲ್ಲಾಡಿಸು, ಐದು ನಿಮಿಷ ಬಿಡು. ಸರಿಯಾಗಿಯೇ ಮಾಡಿದ.

“ಮೊದಲಿಂದಾನೂ ಹೀಗೇ ಮಾಡ್ತಿದ್ದೀಯಾ?”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಇಲ್ಲಕ್ಕ. ಮಾರ್ಚಲ್ಲಿ ಹೊಸ ಕಿಟ್ ತಂದೆ. ಆವಾಗ್ಲೇ ಒಳಗಿದ್ದ ಚೀಟಿ ಪೂರ್ತಿ ಓದಿದ್ದು.”

ಹಳೆಯ ಕಿಟ್ ಇನ್ನೂ ಡ್ರಾಯರ್‌ನಲ್ಲಿತ್ತು. ಅವಧಿ ಮುಗಿದಿರಲಿಲ್ಲ. ಒಂದೇ ಲೋಟದ ಟ್ಯಾಂಕ್ ನೀರನ್ನು ಎರಡು ಟ್ಯೂಬಿಗೆ ಹಾಕಿದೆ. ಒಂದಕ್ಕೆ ಎರಡನೇ ಬಾಟಲಿಯನ್ನು ಅವನ ಹಳೆಯ ರೀತಿಯಲ್ಲಿ, ಒಮ್ಮೆ ತಿರುಗಿಸಿ ಹನಿ ಹಾಕಿಸಿದೆ. ಇನ್ನೊಂದಕ್ಕೆ ಮೇಜಿಗೆ ಕುಟ್ಟಿ, 30 ಸೆಕೆಂಡ್ ಜೋರಾಗಿ ಕುಲುಕಿ ಹಾಕಿಸಿದೆ. ಐದು ನಿಮಿಷದ ಮೇಲೆ ಮೊದಲನೆಯದು ಕಿತ್ತಳೆ, ಅಂದರೆ 10. ಎರಡನೆಯದು ಕಡು ಕೆಂಪು, 40ಕ್ಕಿಂತ ಮೇಲೆ.

ಕಾರಣ ಸರಳ. ಇಂಥ ಕಿಟ್‌ಗಳು ನೈಟ್ರೇಟನ್ನು ನೇರವಾಗಿ ನೋಡುವುದಿಲ್ಲ. ಮೊದಲು ಅದನ್ನು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್ ಇನ್ನೊಂದು ರಾಸಾಯನಿಕದ ಜೊತೆ ಸೇರಿ ಕೆಂಪು ಬಣ್ಣ ಕೊಡುತ್ತದೆ. ನೈಟ್ರೇಟನ್ನು ನೈಟ್ರೈಟ್ ಮಾಡುವ ಕೆಲಸಕ್ಕೆ ಸತುವಿನಂಥ ಲೋಹದ ಪುಡಿ ಬೇಕು. ಬಾಟಲಿ ತಿಂಗಳುಗಟ್ಟಲೆ ನಿಂತರೆ ಪುಡಿ ತಳಕ್ಕೆ ಕೂರುತ್ತದೆ. ಮೆಲ್ಲಗೆ ತಿರುಗಿಸಿ ಹನಿ ಹಾಕಿದರೆ ಬರುವುದು ಬರೀ ನೀರು. ಬಣ್ಣ ಎಲ್ಲಿಂದ ಬರಬೇಕು? ಇದೇ ಕಾರಣಕ್ಕೆ, ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಇರುವಾಗ ನೈಟ್ರೇಟ್ ಟೆಸ್ಟ್ ಮಾಡಿದರೆ ಅಂಕಿ ಸುಳ್ಳು ಜಾಸ್ತಿ ಬರುತ್ತದೆ. ಇವನ ಟ್ಯಾಂಕಿನಲ್ಲಿ ನೈಟ್ರೈಟ್ ಸೊನ್ನೆ, ಹಾಗಾಗಿ ಆ ಭಯ ಇರಲಿಲ್ಲ.

ಅಂದರೆ ಮಾರ್ಚ್‌ನಲ್ಲಿ ಏನೂ ಏರಿರಲಿಲ್ಲ. ಮೊದಲಿಂದಲೂ ಏರುತ್ತಾ ಬಂದದ್ದು ಮಾರ್ಚ್‌ನಲ್ಲಿ ಕಣ್ಣಿಗೆ ಬಿತ್ತು ಅಷ್ಟೆ. ನೆರೆಮನೆಯ ಹುಡುಗನ ಮೇಲಿದ್ದ ಅನುಮಾನಕ್ಕೆ ಅಲ್ಲಿಗೆ ಮುಕ್ತಾಯ. ಪೆನ್ಸಿಲ್ ಸಾಲನ್ನು ತಮ್ಮ ಆಗಲೇ ಅಳಿಸಿದ.

ತಪ್ಪು ನೀರಿನಲ್ಲಿ ತೆಳುಮಾಡಿದ್ದು

ಈಗ ನಿಜವಾದ ಅಂಕಿ ಬೇಕಿತ್ತು. ಆ ಕಿಟ್‌ನ ಬಣ್ಣದ ಕಾರ್ಡಿನಲ್ಲಿ 40ಕ್ಕೂ 80ಕ್ಕೂ ವ್ಯತ್ಯಾಸ ಕಾಣುವುದು ಬಹಳ ಕಷ್ಟ. ಎರಡೂ ಕೆಂಪೇ. ನಾನು ಒಂದು ಕಡೆ, ತಮ್ಮ ಒಂದು ಕಡೆ ಕಾರ್ಡ್ ಹಿಡಿದು ನೋಡಿದೆವು. ನಾನು 40ರ ಹತ್ತಿರ ಅಂದೆ, ಅವನು 60 ಅಂದ. ಇಂಥ ಕಡೆ ಲ್ಯಾಬಿನಲ್ಲಿ ಮಾಡುವುದು ಒಂದೇ. ತೆಳುಮಾಡುವುದು. ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಸೇರಿಸಿ, ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸುವುದು. 5, 10, 20ರ ಬಣ್ಣಗಳು ಕಾರ್ಡಿನಲ್ಲಿ ಸ್ಪಷ್ಟವಾಗಿ ಬೇರೆ ಬೇರೆ.

ಶುದ್ಧ ನೀರು ಎಲ್ಲಿ? ಬಾಟಲಿ ತುಮಕೂರಿನಲ್ಲೇ ಉಳಿದಿತ್ತು. ಅಡುಗೆಮನೆಯ ಆರ್‌ಓ ಫಿಲ್ಟರ್‌ನಿಂದ ಒಂದು ಲೋಟ ಹಿಡಿದೆ. ಟ್ಯಾಂಕಿಗೂ ಅದೇ ನೀರು ತಾನೇ ಹೋಗುವುದು ಅಂದುಕೊಂಡೆ.

ಸಿರಿಂಜಿನಲ್ಲಿ 1 ಮಿಲಿ ಟ್ಯಾಂಕ್ ನೀರು, 4 ಮಿಲಿ ಆರ್‌ಓ ನೀರು. ಟೆಸ್ಟ್ ಮಾಡಿದೆವು. ಬಣ್ಣ 20ಕ್ಕೆ ಸರಿಯಾಗಿ ಕೂತಿತು, ಬೇಕಾದರೆ ಒಂಚೂರು ಜಾಸ್ತಿ. ಐದರಿಂದ ಗುಣಿಸಿದರೆ 100. ನೂರಕ್ಕೂ ಮೇಲೆ.

ಇದು ಹೇಗೆ? ನೇರವಾಗಿ ಅಳೆದರೆ 40ರಿಂದ 60. ತೆಳುಮಾಡಿ ಅಳೆದರೆ 100. ಸಿರಿಂಜ್‌ನಲ್ಲಿ ಗಾಳಿ ಸೇರಿರಬಹುದು ಅಂತ ಮತ್ತೊಮ್ಮೆ ಮಾಡಿದೆ. ಅದೇ ಬಣ್ಣ. ಮಕ್ಕಳು ಲ್ಯಾಬಿನಲ್ಲಿ ಹೀಗೆ ತೋರಿಸಿದರೆ ನಾನು ಮೊದಲು ಕೇಳುವುದು “ಬ್ಲ್ಯಾಂಕ್ ಮಾಡಿದ್ಯಾ?” ಅಂತ. ತೆಳುಮಾಡಲು ಬಳಸಿದ ನೀರನ್ನೇ ಒಬ್ಬಂಟಿಯಾಗಿ ಅಳೆದು ನೋಡುವುದು ಬ್ಲ್ಯಾಂಕ್. ನಾನೇ ಮಾಡಿರಲಿಲ್ಲ.

ಟ್ಯೂಬಿಗೆ ಬರೀ ಆರ್‌ಓ ನೀರು ಹಾಕಿದೆ. ಹನಿ, ಕುಲುಕು, ಐದು ನಿಮಿಷ. ಕಿಟ್‌ನಲ್ಲಿ ಸಿಹಿನೀರಿಗೆ ಬೇರೆ ಕಾರ್ಡ್ ಇತ್ತು. ಅದರ ಪಕ್ಕ ಹಿಡಿದೆ. ಹಳದಿ ಇರಬೇಕಾದ ನೀರು ಗಾಢ ಕಿತ್ತಳೆಯಾಗಿತ್ತು. 10ಕ್ಕೂ 20ಕ್ಕೂ ಮಧ್ಯೆ.

ತಮ್ಮ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತುಬಿಟ್ಟ. “ಅಕ್ಕಾ, ದಿನಾ ಇದನ್ನೇ ಹಾಕ್ತಿದ್ದೀನಲ್ಲೇ.”

ಅಡುಗೆಮನೆಯ ಫಿಲ್ಟರ್

ಅವನ ಹತ್ತಿರ ಟಿಡಿಎಸ್ ಮೀಟರ್ ಇತ್ತು, ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜು ಹೇಳುವುದು. ಆರ್‌ಓ ನೀರಿಗೆ 92 ತೋರಿಸುತ್ತಿದ್ದದ್ದು ಅವನಿಗೆ ಗೊತ್ತೇ ಇತ್ತು. ನೂರರ ಒಳಗಿದೆ, ಕುಡಿಯಲು ಒಳ್ಳೆಯದು ಅಂತ ಸರ್ವಿಸ್‌ಗೆ ಬಂದವರು ಹೇಳಿದ್ದರು. ಕುಡಿಯಲು ಅದು ಸರಿಯೇ. ಆದರೆ ಸರಿಯಾಗಿ ಕೆಲಸ ಮಾಡುವ ಆರ್‌ಓ ಪೊರೆ ಅಷ್ಟು ಬಿಡಬಾರದು. ಬೋರ್‌ವೆಲ್ ನೀರಿಗೆ ಮೀಟರ್ ಅದ್ದಿದರೆ 760. ನೂರಕ್ಕೆ 95ರಷ್ಟು ತಡೆಯುವ ಪೊರೆಯಾದರೆ ಹೊರಗೆ 40ರ ಆಸುಪಾಸು ಬರಬೇಕು.

ಫಿಲ್ಟರ್ ಮುಚ್ಚಳ ತೆಗೆದು ನೋಡಿದೆವು. ಪೊರೆಯ ಪಕ್ಕದಲ್ಲಿ ಒಂದು ಚಿಕ್ಕ ತಿರುಪು. ಅದು ಟಿಡಿಎಸ್ ಕಂಟ್ರೋಲರ್. ನಮ್ಮ ದೇಶದ ಮನೆಬಳಕೆಯ ಎಷ್ಟೋ ಫಿಲ್ಟರ್‌ಗಳಲ್ಲಿ ಇದು ಇರುತ್ತದೆ. ಆರ್‌ಓ ನೀರು ಸಪ್ಪೆ ಅನ್ನಿಸದಿರಲಿ, ಒಂದಷ್ಟು ಲವಣ ಉಳಿಯಲಿ ಅಂತ, ಪೊರೆಯನ್ನು ದಾಟದ ನೀರನ್ನು ಸ್ವಲ್ಪ ಪಕ್ಕದಿಂದ ತಂದು ಬೆರೆಸುತ್ತದೆ. ಆ ನೀರು ಕ್ಯಾಂಡಲ್, ಇದ್ದಿಲು, ಯುವಿ ದೀಪ ದಾಟಿರುತ್ತದೆ. ಕ್ರಿಮಿ ಸಾಯುತ್ತದೆ. ನೈಟ್ರೇಟ್‌ಗೆ ಇದ್ದಿಲೂ ಲೆಕ್ಕವಿಲ್ಲ, ಯುವಿಯೂ ಲೆಕ್ಕವಿಲ್ಲ. ಹಾಗೇ ಬರುತ್ತದೆ. ಅದರ ಜೊತೆ ಬೋರ್ ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಿಲಿಕಾ ಎಲ್ಲ ಬರುತ್ತವೆ. ಆಲ್ಕಲಿನಿಟಿಯನ್ನು “ಹಾಕುತ್ತಿದ್ದ” ಕೈ ಇದೇ.

ತಿರುಪನ್ನು ಪೂರ್ತಿ ಮುಚ್ಚಿದೆವು. ಸಂಗ್ರಹದ ನೀರು ಖಾಲಿ ಮಾಡಿ ಹೊಸದಾಗಿ ಹಿಡಿದಾಗ ಟಿಡಿಎಸ್ 34. ಹಾಗಾದರೆ ನೈಟ್ರೇಟ್ ಸೊನ್ನೆಗೆ ಬಂತಾ? ಬರಲಿಲ್ಲ. 10ರ ಹತ್ತಿರವೇ ಇತ್ತು. ಆರ್‌ಓ ಪೊರೆ ಕ್ಯಾಲ್ಸಿಯಂ, ಸಲ್ಫೇಟ್‌ನಂಥವನ್ನು ಬಿಗಿಯಾಗಿ ತಡೆಯುತ್ತದೆ, ನೈಟ್ರೇಟನ್ನು ಅಷ್ಟು ಬಿಗಿಯಾಗಿ ತಡೆಯುವುದಿಲ್ಲ. ಟಿಡಿಎಸ್ ಮೀಟರಿಗೆ ಇದು ಗೊತ್ತಾಗುವುದಿಲ್ಲ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. 34 ಅಂದರೆ ಯಾವುದರ 34? ಮೀಟರ್ ಹೇಳುವುದಿಲ್ಲ.

ಇಲ್ಲೊಂದು ಮಾತು ಸೇರಿಸಲೇಬೇಕು. ಈಚೆಗೆ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುವ ಫಿಲ್ಟರ್‌ಗಳು ಬಹಳ ಬಂದಿವೆ. ಇವನದು ಅಂಥದಲ್ಲ, ನೋಡಿ ಖಾತ್ರಿ ಮಾಡಿಕೊಂಡೆ. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರ ಸಿಗಡಿಗೆ, ಅನಿಮೋನಿಗೆ, ಬಸವನಹುಳಕ್ಕೆ ವಿಷ. ಉಪ್ಪುನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಅಂಥ ಫಿಲ್ಟರ್ ನೀರನ್ನು ಟ್ಯಾಂಕಿಗೆ ಹಾಕಲೇಬೇಡಿ.

ಲೆಕ್ಕ

ಟ್ಯಾಂಕ್ 50ರಲ್ಲೇ ಯಾಕೆ ನಿಂತಿತ್ತು? ಊಟದ ಮೇಜಿನ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಹಾಕಿದೆವು. ನನಗೆ ಇಡೀ ದಿನದಲ್ಲಿ ಖುಷಿ ಕೊಟ್ಟದ್ದು ಈ ಅರ್ಧ ಗಂಟೆ.

ಬೆಂಗಳೂರಿನ ಮಾರ್ಚ್, ಏಪ್ರಿಲ್ ಗಾಳಿ ಒಣ. ನೀರು ತಣ್ಣಗಿರಲಿ ಅಂತ ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಬೇರೆ ಹಾಕಿದ್ದ. ದಿನಕ್ಕೆ 4 ಲೀಟರ್ ಆವಿಯಾಗುತ್ತಿತ್ತು. ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿದ್ದ ಉಪ್ಪು, ನೈಟ್ರೇಟ್ ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತವೆ. ಅದಕ್ಕೇ ಕಡಿಮೆಯಾದ ನೀರಿಗೆ ಉಪ್ಪುನೀರು ಹಾಕುವುದಿಲ್ಲ, ಸಿಹಿನೀರು ಹಾಕುತ್ತೇವೆ. ಆ ಸಿಹಿನೀರಿನಲ್ಲಿ ಲೀಟರಿಗೆ 15 ಮಿಲಿಗ್ರಾಂ ನೈಟ್ರೇಟ್ ಇದ್ದರೆ ದಿನಕ್ಕೆ 60 ಮಿಲಿಗ್ರಾಂ ಟ್ಯಾಂಕಿಗೆ ಬಿದ್ದಂತೆ. 14 ದಿನಕ್ಕೆ 840.

ಇನ್ನು ಊಟ. ಮೊದಲು ದಿನಕ್ಕೆ ಸುಮಾರು 0.3 ಗ್ರಾಂ ಕಾಳು ಹಾಕುತ್ತಿದ್ದ. ಆಭರಣದ ತಕ್ಕಡಿಯಲ್ಲಿ ತೂಗಿ ನೋಡಿದೆವು. ಡಬ್ಬದ ಮೇಲೆ ಪ್ರೋಟೀನ್ 45 ಪರ್ಸೆಂಟ್ ಅಂತ ಇದೆ. ಪ್ರೋಟೀನಿನಲ್ಲಿ ಸುಮಾರು 16 ಪರ್ಸೆಂಟ್ ಸಾರಜನಕ. ಒಂದು ಗ್ರಾಂ ಊಟದಲ್ಲಿ 72 ಮಿಲಿಗ್ರಾಂ ಸಾರಜನಕ. ಅಷ್ಟೂ ನೈಟ್ರೇಟ್ ಆದರೆ 320 ಮಿಲಿಗ್ರಾಂ ಆಗುತ್ತದೆ. 0.3 ಗ್ರಾಂಗೆ ದಿನಕ್ಕೆ 96. ಅರ್ಧ ಮಾಡಿದ ಮೇಲೆ 48. ಇದು ಹೆಚ್ಚೆಂದರೆ ಅಷ್ಟು. ಮೀನು ಬೆಳೆಯಲು, ಪಾಚಿ ಬೆಳೆಯಲು, ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರ್‌ನಲ್ಲಿ ಒಂದು ಪಾಲು ಹೋಗಿಯೇ ಹೋಗುತ್ತದೆ.

ನೋಡಿ, ಮೀನಿನ ಹೊಟ್ಟೆಗೆ ಕತ್ತರಿ ಹಾಕಿ 48ಕ್ಕೆ ಇಳಿಸಿದ್ದ. ಇತ್ತ ಕೊಡದಲ್ಲಿ ದಿನಕ್ಕೆ 60 ಸುರಿಯುತ್ತಿದ್ದ. ಆ ಸಾಲು ಬರೆದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಣ್ಣಗಾದ ಆ ಮೀನುಗಳು ಎದುರಿಗೇ ಓಡಾಡುತ್ತಿದ್ದವು.

14 ದಿನಕ್ಕೊಮ್ಮೆ 46 ಲೀಟರ್ ಬದಲಿಸುತ್ತಿದ್ದ, ಟ್ಯಾಂಕಿನ ಐದನೇ ಒಂದು ಪಾಲು. 50ರ ನೀರು 46 ಲೀಟರ್ ತೆಗೆದರೆ 2,300 ಮಿಲಿಗ್ರಾಂ ನೈಟ್ರೇಟ್ ಹೊರಗೆ. ಆದರೆ ಹೊಸ ಉಪ್ಪುನೀರು ಕಲಸಿದ್ದೂ ಅದೇ ಫಿಲ್ಟರ್ ನೀರಿನಲ್ಲಿ. 46 ಲೀಟರಿನಲ್ಲಿ 690 ಒಳಗೆ. ಅದಕ್ಕೆ ಸುರಿದ ನೀರಿನ 840, ಊಟದ 672 ಕೂಡಿಸಿ. ಒಳಗೆ ಬಂದದ್ದು 2,202. ಹೊರಗೆ ಹೋದದ್ದು 2,300. ತಕ್ಕಡಿ ಹೆಚ್ಚು ಕಡಿಮೆ ಸಮ. 50ರಲ್ಲಿ ನಿಲ್ಲದೆ ಇನ್ನೆಲ್ಲಿ ನಿಲ್ಲಬೇಕು?

ಇಂಥ ಲೆಕ್ಕ ಪಕ್ಕಾ ಅಲ್ಲ. ಪಾಚಿ ಎಷ್ಟು ತಿಂದಿತು, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಷ್ಟು ಕಳೆಯಿತು ಅನ್ನುವುದು ಇದರಲ್ಲಿಲ್ಲ. ಆದರೂ ಈ ಲೆಕ್ಕ ಮಾಡಲೇಬೇಕು. ಯಾವ ಬಾಗಿಲಿನಿಂದ ಎಷ್ಟು ಬರುತ್ತಿದೆ ಅಂತ ಗೊತ್ತಾಗುವುದು ಇದರಿಂದಲೇ.

ಎರಡನೇ ಭಾನುವಾರ

ಮುಂದಿನ ಸಲ ಎರಡು ಲೀಟರ್ ಡಿಸ್ಟಿಲ್ಡ್ ನೀರು ಒಯ್ದೆ. ಮೊದಲು ಅದರದ್ದೇ ಬ್ಲ್ಯಾಂಕ್ ಮಾಡಿದೆ. ತಿಳಿ ಹಳದಿ, ಸೊನ್ನೆ. ಅದರಲ್ಲಿ ಟ್ಯಾಂಕ್ ನೀರು ತೆಳುಮಾಡಿದರೆ 10, ಅಂದರೆ 50. ಬೋರ್ ನೀರು ತೆಳುಮಾಡಿದರೆ 10ಕ್ಕೂ 20ಕ್ಕೂ ನಡುವೆ, ಸುಮಾರು 16. ಅಂದರೆ 80.

ಜೊತೆಗೆ ಇನ್ನೊಂದು ಅಳತೆಗೋಲನ್ನೂ ಪರೀಕ್ಷಿಸಿದೆ. ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರ್. ಅವನು ಪ್ರತಿ ವಾರ ಬರೀ ನೀರು ಹಾಕಿ ಸೊನ್ನೆಗೆ ಹೊಂದಿಸುತ್ತಿದ್ದ. ಒಳ್ಳೆಯದೇ. ಆದರೆ ಸೊನ್ನೆಯಲ್ಲಿ ಸರಿಯಿದ್ದ ಮಾತ್ರಕ್ಕೆ 35ರಲ್ಲಿ ಸರಿಯಿರಬೇಕೆಂದಿಲ್ಲ. ಅಂಗಡಿಯಲ್ಲಿ ಸಿಗುವ ಎಷ್ಟೋ ರಿಫ್ರಾಕ್ಟೋಮೀಟರ್‌ಗಳ ಗೆರೆಗಳು ಅಡುಗೆ ಉಪ್ಪಿನ ದ್ರಾವಣಕ್ಕೆ ಹೊಂದಿಸಿದವು, ಸಮುದ್ರದ ನೀರಿಗಲ್ಲ. ಬೆಳಕು ಬಾಗುವ ಲೆಕ್ಕದಲ್ಲಿ ಸಾವಿರಕ್ಕೆ 35ರ ಸಮುದ್ರದ ನೀರಿಗೆ ಸಮನಾಗುವುದು 3.65 ಪರ್ಸೆಂಟ್ ಸೋಡಿಯಂ ಕ್ಲೋರೈಡ್ ದ್ರಾವಣ. ಲ್ಯಾಬಿನ ಶುದ್ಧ ಉಪ್ಪು 3.65 ಗ್ರಾಂ ತೂಗಿ, 96.35 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಎರಡು ಹನಿ ಹಾಕಿದೆ. 35 ತೋರಿಸಬೇಕಾದದ್ದು 37 ತೋರಿಸಿತು. ಅಂದರೆ ಅವನ ಟ್ಯಾಂಕು ಇಷ್ಟು ದಿನ 33ರಲ್ಲಿತ್ತು. ಅಪಾಯದ ಮಟ್ಟವಲ್ಲ. ಆದರೆ ಅನಿಮೋನಿಯಂಥ ಜೀವಕ್ಕೆ ಸಮುದ್ರದ ಮಟ್ಟವೇ ಹಿತ. ಹತ್ತು ದಿನ ಮೆಲ್ಲಗೆ, ಆವಿಯಾದ ಜಾಗಕ್ಕೆ ತೆಳು ಉಪ್ಪುನೀರು ಹಾಕುತ್ತಾ ಏರಿಸಿದ. ಉಳಿದ ದ್ರಾವಣವನ್ನು ಮುಚ್ಚಳ ಬಿಗಿಮಾಡಿ ಕೊಟ್ಟು ಬಂದೆ. ಈಗ ಅದಕ್ಕೇ ಹೊಂದಿಸುತ್ತಾನೆ.

ಟ್ಯಾಂಕಿಗೆಂದೇ ಬೇರೆ ಫಿಲ್ಟರ್ ತಂದ. ಪೊರೆ ಆದಮೇಲೆ ಡಿಐ ರೆಸಿನ್, ಅಂದರೆ ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು, ಇರುವುದು. ಪೊರೆ ಬಿಟ್ಟ ನೈಟ್ರೇಟನ್ನು ರೆಸಿನ್ ಹಿಡಿದುಕೊಳ್ಳುತ್ತದೆ. ಮೀಟರ್ ಸೊನ್ನೆ, ಕಿಟ್ ಸೊನ್ನೆ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ಜಾರುವುದು ಸಿಲಿಕಾ, ಅದು ಮೀಟರಿಗೆ ಕಾಣುವುದೇ ಇಲ್ಲ. ಅದಕ್ಕೆ ಮೀಟರ್ 1 ತೋರಿಸಿದ ಕೂಡಲೇ ಬದಲಿಸು ಅಂದೆ.

ರಾಗಿ ಸರಿ

ನಾವು ಕ್ಯಾಲೆಂಡರ್ ಹಾಳೆಯ ಮೇಲೆ 80 ಅಂತ ಬರೆದಾಗ ತಮ್ಮನ ಹೆಂಡತಿ ಹಿಂದೆ ನಿಂತಿದ್ದಳು. ಮಗಳಿಗೆ ಆಗ ಒಂಬತ್ತು ತಿಂಗಳು.

“ಅಕ್ಕಾ, ಕುಡಿಯೋಕೆ ಮಾತ್ರ ಫಿಲ್ಟರ್ ನೀರು. ಅನ್ನಕ್ಕೆ, ಮಗು ಸರಿಗೆ ಎಲ್ಲ ನಲ್ಲಿ ನೀರೇ ಹಾಕೋದು. ಹೆಂಗೂ ಕುದಿಯುತ್ತಲ್ಲ ಅಂತ.”

ನನಗೆ ಟ್ಯಾಂಕು ಮರೆತೇ ಹೋಯಿತು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುವುದು ಭಾರತದ ಮಾನಕ. ಇದು 80. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ, ಟ್ಯಾಂಕಿನಲ್ಲಿ ಆದ ಹಾಗೆಯೇ. ಆರು ತಿಂಗಳೊಳಗಿನ ಕೂಸಿಗೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ಮೈ ನೀಲಿಗಟ್ಟುತ್ತದೆ. ನಮ್ಮ ಮಗು ಆ ವಯಸ್ಸು ದಾಟಿತ್ತು. ಆರು ತಿಂಗಳು ಬರೀ ಎದೆಹಾಲು ಕುಡಿದಿತ್ತು. ಆ ಮಾತು ಕೇಳಿದ ಮೇಲೆ ನನ್ನ ಎದೆಬಡಿತ ಸರಿಹೋಯಿತು.

ಮನೆಯ ಕಿಟ್ ನೋಡಿ ಇಂಥ ವಿಷಯ ತೀರ್ಮಾನ ಮಾಡಬಾರದು. ಮಾನ್ಯತೆ ಇರುವ ಲ್ಯಾಬಿಗೆ ಬೋರ್ ನೀರು ಕೊಟ್ಟೆವು. ವರದಿಯಲ್ಲಿ 78 ಬಂತು. ವರದಿ ನೋಡುವಾಗ ಒಂದು ಎಚ್ಚರ ಬೇಕು. ಕೆಲವು ಲ್ಯಾಬುಗಳು ನೈಟ್ರೇಟ್ ಅಂತಲೇ ಬರೆಯುತ್ತವೆ, ಕೆಲವು ನೈಟ್ರೇಟಿನೊಳಗಿನ ಸಾರಜನಕವನ್ನು ಮಾತ್ರ ಬರೆಯುತ್ತವೆ. ಎರಡರ ನಡುವೆ ನಾಲ್ಕೂವರೆ ಪಟ್ಟಿನ ಹತ್ತಿರ ವ್ಯತ್ಯಾಸ. ಸಾರಜನಕದ ಲೆಕ್ಕದಲ್ಲಿ 18 ಅಂತ ಬರೆದಿದ್ದರೆ ನೋಡಿದವರು ಕಡಿಮೆಯಿದೆ ಅಂದುಕೊಂಡುಬಿಡುತ್ತಾರೆ. ಅದೂ 80ಕ್ಕೆ ಸಮವೇ. ಟೆಸ್ಟ್ ಕಿಟ್‌ಗಳಲ್ಲೂ ಈ ಎರಡು ಬಗೆ ಇವೆ.

ಅವತ್ತಿನಿಂದ ಮಗುವಿನ ಸರಿ, ಅನ್ನ, ಸಾರು ಎಲ್ಲಕ್ಕೂ ಅಡುಗೆಮನೆಯ ಫಿಲ್ಟರ್ ನೀರು, ತಿರುಪು ಮುಚ್ಚಿಯೇ. ಅದರಲ್ಲಿ ನೈಟ್ರೇಟ್ 10, ಮಿತಿಗಿಂತ ಎಷ್ಟೋ ಕಡಿಮೆ. ಡಿಐ ನೀರು ಟ್ಯಾಂಕಿಗೆ ಮಾತ್ರ, ಅದು ಕುಡಿಯಲು ಮಾಡಿದ್ದಲ್ಲ.

ವರದಿಯ ನಕಲನ್ನು ತಮ್ಮ ಅಸೋಸಿಯೇಷನ್‌ಗೆ ಕೊಟ್ಟ. ಆ ಬೇಸಿಗೆ ನೆನಪಿದೆಯಲ್ವಾ, ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದ್ದು. ಇವರ ಕಟ್ಟಡದ ಸಂಪಿಗೂ ಟ್ಯಾಂಕರ್ ನೀರು ಬೀಳುತ್ತಿತ್ತು. ಯಾವ ಊರಿನ ಯಾವ ಬೋರ್‌ನದ್ದೋ. ಟಿಡಿಎಸ್ ಒಂದು ದಿನ 500, ಇನ್ನೊಂದು ದಿನ 900. ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀರು ಬಂದರೆ ಸಾಕಾಗಿತ್ತು. ಇನ್ನೆರಡು ಮನೆಗಳಲ್ಲಿ ಎಳೆಗೂಸು ಇರುವುದು ಗೊತ್ತಾಗಿ ಅವನೇ ಬಾಗಿಲು ತಟ್ಟಿ ಹೇಳಿಬಂದ. ಒಂದು ಮನೆಯಲ್ಲಿ ಪುಡಿಹಾಲನ್ನು ನಲ್ಲಿ ನೀರು ಕುದಿಸಿ ಕಲಸುತ್ತಿದ್ದರಂತೆ. ಮಾರನೇ ದಿನದಿಂದ ಕ್ಯಾನ್ ನೀರು ತರಿಸಿದರು.

ಆಮೇಲೆ

ಮೇ ಮೊದಲ ವಾರದಿಂದ ಟ್ಯಾಂಕಿಗೆ ಡಿಐ ನೀರು. 14 ದಿನಕ್ಕೊಮ್ಮೆ ಅದೇ 46 ಲೀಟರ್. ಮೇ ಕೊನೆಗೆ ನೈಟ್ರೇಟ್ 35ರ ಸುಮಾರು. ಜೂನ್ ಮಧ್ಯದಲ್ಲಿ ಮೀನಿಗೆ ಮೊದಲಿನಷ್ಟೇ ಊಟ ಶುರುಮಾಡು ಅಂದೆ. ಅವನಿಗೆ ಭಯ. ಲೆಕ್ಕದ ಹಾಳೆ ತೋರಿಸಿದೆ. ಪೂರ್ತಿ ಊಟ ಹಾಕಿದರೂ ಇದು ಮತ್ತೆ 50ಕ್ಕೆ ಹೋಗುವುದಿಲ್ಲ, 25ರ ಆಸುಪಾಸಿನಲ್ಲಿ ನಿಲ್ಲಬೇಕು. ಜುಲೈಯಲ್ಲಿ ಅಲ್ಲೇ ನಿಂತಿತು. ಆಮೇಲೆ ಕೆಳಗಿನ ತೊಟ್ಟಿಯಲ್ಲಿ ದೀಪ ಹಾಕಿ ಕೀಟೊಮಾರ್ಫಾ ಅನ್ನುವ ದಾರದಂಥ ಪಾಚಿ ಬೆಳೆಸಿದ. ಬೆಳೆದ ಪಾಚಿಯನ್ನು ಕಿತ್ತು ತೆಗೆದಾಗ ಅದು ತಿಂದ ನೈಟ್ರೇಟೂ ಹೊರಗೆ ಹೋಗುತ್ತದೆ. ಆಗಸ್ಟ್‌ನಲ್ಲಿ 10ಕ್ಕೂ 20ಕ್ಕೂ ನಡುವೆ ಬಂತು.

ಆಲ್ಕಲಿನಿಟಿ ಇಳಿಯಲು ಶುರುವಾಯಿತು. ಫೋನಿನಲ್ಲಿ ಗಾಬರಿಯಾಗಿ ಹೇಳಿದ. ನನಗೆ ಸಮಾಧಾನವಾಯಿತು. ಈಗ ಅದು ಇಳಿಯಬೇಕಾದ ಹಾಗೆ ಇಳಿಯುತ್ತಿದೆ, ನೀರು ಬದಲಿಸಿದಾಗ ಮತ್ತೆ ಏರುತ್ತದೆ. ಅನಿಮೋನಿ ಜೂನ್‌ನಲ್ಲೇ ಅಂಗೈ ಅಗಲ ಬಿಚ್ಚಿಕೊಂಡಿತು. ನೈಟ್ರೇಟ್ ಇಳಿದದ್ದಕ್ಕೋ, ಉಪ್ಪು ಸರಿಹೋದದ್ದಕ್ಕೋ ಬಿಡಿಸಿ ಹೇಳಲಾರೆ, ಎರಡನ್ನೂ ಒಟ್ಟಿಗೆ ಮಾಡಿದ್ದೆವು. ಕೂದಲು ಪಾಚಿ ಮುಂದಿನ ಕಲ್ಲುಗಳಿಂದ ಹೋಗಿದೆ. ಹಿಂದಿನ ಕಲ್ಲಿನ ಬುಡದಲ್ಲಿ ಇನ್ನೂ ಇದೆ.

ನೋಟ್‌ಬುಕ್ಕಿನಲ್ಲಿ ಈಗ ಎರಡು ಹೊಸ ಕಾಲಂ. ಒಂದು “ಹಾಕುವ ನೀರು”, ಅದು ವಾರಕ್ಕೊಮ್ಮೆ. ಇನ್ನೊಂದು “ಬೋರ್”, ತಿಂಗಳಿಗೊಮ್ಮೆ. ಮಳೆ ಬಂದಮೇಲೆ ಬೋರ್ ನೀರಿನ ನೈಟ್ರೇಟ್ ಇಳಿಯುತ್ತದೆ ಅಂತ ಇಬ್ಬರೂ ಅಂದುಕೊಂಡಿದ್ದೆವು. ಸೆಪ್ಟೆಂಬರ್ ಕೊನೆಯ ಶನಿವಾರ ಅಳೆದಾಗ 75 ಇತ್ತು. ಆ ಅಂಕಿಯ ಫೋಟೊವನ್ನು ಅವನು ನನಗೂ ಅಸೋಸಿಯೇಷನ್ ಗ್ರೂಪಿಗೂ ಕಳಿಸಿದ್ದಾನೆ.